ಅತ್ತೆಯನ್ನು ಎಬ್ಬಿಸುತ್ತಿದ್ದ ಹಕ್ಕಿ

ಕೆರೆಯ ಕಡೆಯಿಂದ ಯಾರೋ ಕೀರಲು ದನಿಯಲ್ಲಿ ಚೀರಿದಂತಾಗಿ ಬೆಚ್ಚಿ ಎದ್ದು ಕುಳಿತೆ. ಮದುವೆಯಾಗಿ ಮಾಸ್ತಿ ಪಕ್ಕದ ಆ ಹಳ್ಳಿಗೆ ಬಂದು ಮೂರೇ ದಿನ. ಸೀಮೆಎಣ್ಣೆ ಸಿಗದ ಯುದ್ಧದ ಕಾಲ, ಮನೆಯೆಲ್ಲ ಕತ್ತಲು. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಅತ್ತೆ ತಟ್ಟನೆ ಎದ್ದು ಒಲೆ ಹೊತ್ತಿಸಿದರು.

“ಹೆದರ್ಕೋಬೇಡ ಕಣಮ್ಮ, ಅದು ತೀತುವ ಹಕ್ಕಿ. ಕೆರೆ ಕಟ್ಟೆ ಮೇಲೆ ಯಾರಾದ್ರೂ ನಡೆದ್ರೆ ಕೂಗ್ತದೆ. ನಿಮ್ಮಾವ ಬರ್ತಾವ್ರೆ.”

ನಮ್ಮ ಮಾವ ಗದ್ದೆಗಳಿಗೆ ಕೆರೆಯ ನೀರು ಬಿಡುವ ನೀರುಗಂಟಿ. ಸಾರು ಬಿಸಿಯಾಗುವಷ್ಟರಲ್ಲಿ ಬಾಗಿಲಲ್ಲಿದ್ದರು.

“ನನಗೋಸ್ಕರ ನಿದ್ದೆಗೆಟ್ಟು ಕೂತಿರಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ” ಎಂದು ಅತ್ತೆಯನ್ನು ಮೆಲ್ಲಗೆ ಗದರಿಸಿದರು. ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಮುದ್ದೆ ಬಡಿಸಿದರು.

ಮುಂದೆ ನೀರುಗಂಟಿ ಕೆಲಸ ನನ್ನ ಗಂಡನಿಗೆ ಬಂತು. ಹಕ್ಕಿಯ ವಿಷಯ ನಾನೂ ಅವರಿಗೆ ಹೇಳಲಿಲ್ಲ.