ಬಿಸಿನೀರು ಬರ್ತಿದೆ, ಕಣ್ಣು ಮುಚ್ಕೊಳ್ಳಿ

ಹಾನ್‌ಗೋಲ್ ಊರಿನ ಮೇಲಿಂದ ಜಿರಿಸಾನ್ ಬೆಟ್ಟದ ನೆರಳು ಇನ್ನೂ ಸರಿದಿಲ್ಲ. ಮೇಲ್ಮನೆಯ ಹಿತ್ತಿಲಿನ ಚಪ್ಪಡಿ ಕಟ್ಟೆಯ ತುಂಬ ದಪ್ಪ ಹೊಟ್ಟೆಯ ಭರಣಿಗಳು ಸಾಲಾಗಿ ಕೂತಿವೆ. ಅವುಗಳ ನಡುವೆ ಪ್ಯೋ ಗುಮ್‌ದಾನ್ ಅಜ್ಜಿ ಕೂಡ ಕೂತಿದ್ದಾರೆ. ತೊಡೆಗೆ ಪಟ್ಟಿ ಬಿಗಿದು ಕಟ್ಟಿಕೊಂಡ ದುಂಡನೆಯ ಸ್ಪಂಜಿನ ದಿಂಬು ಅವರು ಎದ್ದರೆ ಏಳುತ್ತದೆ, ಕೂತರೆ ಕೂರುತ್ತದೆ. ಕೈಯಲ್ಲಿ ಹೋಮಿ. ಹಕ್ಕಿಯ ಕೊಕ್ಕಿನಂತೆ ಬಾಗಿದ ಈ ಪುಟ್ಟ ಕಳೆಗುದ್ದಲಿ ಇಲ್ಲದ ಹೆಂಗಸು ಈ ಸೀಮೆಯಲ್ಲಿಲ್ಲ. ಆದರೆ ಗುಮ್‌ದಾನ್ ಅವರದು ತೇದು ತೇದು ಬೆರಳಗಲ ಮಾತ್ರ ಉಳಿದಿದೆ. ಅಷ್ಟು ತೇದಿರುವುದರಿಂದಲೇ ಅದು ಕಲ್ಲು ಕಲ್ಲಿನ ನಡುವಿನ ಸಂದಿಗೆ ಇಳಿಯುತ್ತದೆ.

ಹೋಮಿ ಇಳಿಯುತ್ತದೆ, ಒಂದು ಸುತ್ತು ತಿರುಗುತ್ತದೆ, ಹುಲ್ಲು ಬೇರುಸಮೇತ ಮೇಲೆ ಬರುತ್ತದೆ. ಬಾರದೆ ಹಟ ಹಿಡಿದ ಬೇರುಗಳಿಗೆ ಕೊನೆಗೆ ಕೆಟಲು. ಅಂಗಳದ ಒಲೆಯ ಮೇಲೆ ಕುದಿಯುತ್ತಿರುವ ನೀರನ್ನು ಕೆಟಲಿಗೆ ತುಂಬಿ ತಂದು, ಸಂದಿನ ಮೇಲೆ ಬಗ್ಗಿ, ಪಕ್ಕದ ಮನೆಗೂ ಕೇಳುವ ಹಾಗೆ ಕೂಗುತ್ತಾರೆ: “ಬಿಸಿನೀರು ಬರ್ತಿದೆ, ಕಣ್ಣು ಮುಚ್ಕೊಳ್ಳಿ!” ಒಂದು ಉಸಿರಿನಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ಸಣ್ಣ ಧಾರೆಯಾಗಿ ಸುರಿಯುತ್ತಾರೆ.

ಮಾತು ಅವರದಲ್ಲ, ಹಳೆಯದು. ಬಚ್ಚಲಿಗೆ ಕುದಿನೀರು ಚೆಲ್ಲುವ ಮುಂಚೆ ಇಲ್ಲಿನ ಅಜ್ಜಿಯರೆಲ್ಲ ಹೀಗೆ ಹೇಳುತ್ತಿದ್ದರು. ಮಣ್ಣಲ್ಲಿರುವ ಹುಳುಹುಪ್ಪಟೆಯ ಕಣ್ಣು ಹೋಗದಿರಲಿ ಅಂತ. ಈಗ ಬಚ್ಚಲಿಗೆ ಕೊಳವೆ ಬಂದಿದೆ, ಮಾತು ಹೋಗಿದೆ. ಗುಮ್‌ದಾನ್ ಬಾಯಲ್ಲಿ ಮಾತ್ರ ಉಳಿದಿದೆ. ಈ ಮನೆಯ ಯಜಮಾನಿ ಸೊನ್ಮಿಗೆ ಅದೊಂದು ತಮಾಷೆ.

“ಅಜ್ಜಿ, ಇರುವೆಗೆ ರೆಪ್ಪೆ ಇದ್ಯಾ?”

“ನಾನು ನೋಡಿಲ್ಲ ತಾಯಿ. ನಿನ್ನ ಸೊಂಟ ಗಟ್ಟಿಯಿದೆ, ನೀನೇ ಬಗ್ಗಿ ನೋಡು.”

ಸೊನ್ಮಿ ಈ ಮನೆ ಸೇರಿ ಇಪ್ಪತ್ತು ವರ್ಷ ದಾಟಿದೆ. ಅತ್ತೆ ತೀರಿಕೊಂಡ ಮೇಲೆ ಭರಣಿಗಳೂ ವ್ಯಾಪಾರವೂ ಅವಳದೇ. ಆದರೂ ಗುಮ್‌ದಾನ್‌ಗೆ ಅವಳು ಇಂದಿಗೂ ‘ಹೊಸ ಸೊಸೆ’. ಸೋಯಾ ಕಾಳು ಬೇಯಿಸಿ, ಮುದ್ದೆ ಕಟ್ಟಿ, ಹುದುಗಿಸಿ ಮಾಡಿದ ಜಾಂಗ್ ಈ ಭರಣಿಗಳಲ್ಲಿ ವರ್ಷಗಟ್ಟಲೆ ಮಾಗುತ್ತದೆ. ಬಿಸಿಲು ಬಂದ ಬೆಳಿಗ್ಗೆ ಮುಚ್ಚಳ ತೆಗೆಯಬೇಕು, ಸಂಜೆಗೆ ಮುಚ್ಚಬೇಕು. ಮುಚ್ಚಿದರೂ ಮಣ್ಣಿನ ಮೈ ಉಸಿರಾಡುತ್ತಲೇ ಇರುತ್ತದೆ. ಸುತ್ತಲಿನ ಗಾಳಿಯಲ್ಲಿ ಇದ್ದದ್ದು ಇವತ್ತಲ್ಲ ನಾಳೆ ಊಟದ ಬಟ್ಟಲಿಗೆ ಬಂದೇ ಬರುತ್ತದೆ. ಅದಕ್ಕೇ ಇಲ್ಲಿನ ಸಂದುಗಳನ್ನು ಹುಲ್ಲು ಕಿತ್ತು ಕೈಯಲ್ಲೇ ಬಿಡಿಸುವ ರೂಢಿ. ಸೊನ್ಮಿ ಒಮ್ಮೆ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಹುಲ್ಲಿಗೆ ವಿನೆಗರ್ ಚಿಮುಕಿಸಿದರೆ ಸಾಕಂತೆ ಎಂದಿದ್ದಳು.

“ಜಾಂಗ್ ಪಕ್ಕ ಹುಳಿ ಇಡ್ತೀಯಾ? ನಿಮ್ಮತ್ತೆ ಸಮಾಧಿಯಿಂದ ಎದ್ದು ಬಂದಾಳು,” ಎಂದು ಗುಮ್‌ದಾನ್ ಆ ಮಾತನ್ನು ಅಲ್ಲೇ ಮುಗಿಸಿದ್ದರು.

ಎಪ್ಪತ್ತು ದಾಟಿದ ಈ ಹೆಂಗಸಿನ ಕೆಲಸ ಸಂದು ಬಿಡಿಸುವುದು, ಅಷ್ಟೇ. ಊರಿನ ಮನೆಗಳ ಭರಣಿ ಕಟ್ಟೆಗಳು, ಗುಡ್ಡದ ಮೇಲಿನ ಪುಟ್ಟ ಮಠದ ಅಂಗಳ, ಎಲ್ಲವೂ ಸರದಿಯಲ್ಲಿ ಬರುತ್ತವೆ. ಒಂದು ಕಟ್ಟೆ ಮುಗಿಯುವಷ್ಟರಲ್ಲಿ ಮೊದಲಿನದರಲ್ಲಿ ಹಸಿರು ಇಣುಕಿರುತ್ತದೆ. ಮುಗಿಯುವ ಕೆಲಸವಲ್ಲ ಇದು, ಮುಗಿಸಿದೆನೆಂದು ಯಾರೂ ಬೆನ್ನು ತಟ್ಟುವುದೂ ಇಲ್ಲ. ಕಟ್ಟೆ ಚೊಕ್ಕಟವಾಗಿದ್ದರೆ ನೋಡಿದವರು ಭರಣಿಗಳನ್ನು ಹೊಗಳುತ್ತಾರೆ. ಕಲ್ಲಿನ ನಡುವೆ ಏನೂ ಇಲ್ಲದಿರುವುದನ್ನು ಯಾರಾದರೂ ಯಾಕೆ ಗಮನಿಸಬೇಕು?

ಎಲ್ಲವನ್ನೂ ಅವರು ಕೀಳುವುದಿಲ್ಲ. ಪಾಚಿ ಇರಲಿ, ಅದು ಕಲ್ಲನ್ನು ತಂಪಾಗಿಡುತ್ತದೆ. ಗೋಣಿಸೊಪ್ಪು ಸೆರಗಿನ ಚೀಲಕ್ಕೆ ಬೀಳುತ್ತದೆ. ಮಧ್ಯಾಹ್ನ ಅದನ್ನು ಬಾಡಿಸಿ, ಜಾಂಗ್ ಹಾಕಿ ಕಲಸಿ, ಅನ್ನದ ಜೊತೆ ತಿನ್ನುತ್ತಾರೆ. ಕಟ್ಟೆಯಂಚಿನ ಗೌರಿಹೂವಿನ ಗಿಡದಿಂದ ಬೀಜ ಸಿಡಿದು ಸಂದಿನಲ್ಲಿ ಸಸಿಯಾದರೆ, ಬೇರಿನ ಮಣ್ಣು ಉದುರದಂತೆ ಎತ್ತಿ ಅಂಚಿಗೆ ನೆಡುತ್ತಾರೆ.

ಬಿಡಿಸಿದ ಸಂದನ್ನು ಹಾಗೇ ಬಿಟ್ಟರೆ ವಾರದಲ್ಲಿ ಮತ್ತೆ ಹುಲ್ಲು. ಅಲ್ಲಿಂದ ಮುಂದಿನ ಕೆಲಸ ಗಂಡ ಚಿಲ್‌ಬೋಕ್ ಅವರದು. ಹೆಂಡತಿಯ ಹಿಂದೆ ಒಂದು ಮಾರು ದೂರದಲ್ಲಿ ಅವರೂ ಅಂಥದೇ ದಿಂಬಿನ ಮೇಲೆ ಕೂತು ಸರಿಯುತ್ತಾರೆ. ಖಾಲಿಯಾದ ಸಂದನ್ನು ತೋರುಬೆರಳಿನಿಂದ ಉದ್ದಕ್ಕೂ ಸವರಿ, ತೊರೆಯಿಂದ ತಂದ ಒರಟು ಮರಳನ್ನು ಹಳೆಯ ಕೆಟಲಿನ ಮೂತಿಯಿಂದ ಸುರಿದು, ಕೋಲಿನ ತುದಿಯಿಂದ ಗಟ್ಟಿಯಾಗಿ ಜಡಿಯುತ್ತಾರೆ. ಮರಳು ಬಿಗಿಯಾಗಿ ಕೂತರೆ ಮಳೆನೀರು ಇಳಿಯುತ್ತದೆ, ಬೀಜಕ್ಕೆ ಮಾತ್ರ ನೆಲೆ ಸಿಗುವುದಿಲ್ಲ. ಚಿಲ್‌ಬೋಕ್‌ಗೆ ಎರಡೂ ಕಣ್ಣು ಕಾಣುವುದಿಲ್ಲ.

“ಗುರ್ಯೆಯವಳೇ,” ಎನ್ನುತ್ತಾರೆ, ಹೆಂಡತಿಯನ್ನು ತವರೂರಿನ ಹೆಸರಿನಿಂದ ಕರೆದು. “ಇಲ್ಲೊಂದು ಗಡ್ಡ ಬಿಟ್ಟಿದ್ದೀಯ.”

“ಕಂಡೋರ ಥರ ಹೇಳ್ತಾರೆ ನೋಡು!” ಎಂದು ಗೊಣಗುತ್ತ ಗುಮ್‌ದಾನ್ ಹಿಂದಕ್ಕೆ ಸರಿದು, ಉಳಿದಿದ್ದ ಬೇರನ್ನು ಕೀಳುತ್ತಾರೆ. ಗಂಡನನ್ನು ಅವರು ಮಾತ್ರ ಯಾವ ಹೆಸರಿನಿಂದಲೂ ಕರೆಯುವುದಿಲ್ಲ. ಬೇಕಾದಾಗ ಹೋಮಿಯ ಹಿಡಿಯಿಂದ ಕಲ್ಲನ್ನು ಎರಡು ಸಲ ತಟ್ಟುತ್ತಾರೆ. ಚಿಲ್‌ಬೋಕ್ ತಲೆಯೆತ್ತುತ್ತಾರೆ.

ಈ ತಟ್ಟುವಿಕೆಯ ಹಿಂದೆ ಒಂದು ಬೆಳಗಿನ ಕತೆಯಿದೆ. ಗುಮ್‌ದಾನ್ ಅದನ್ನು ಹೇಳುವಾಗ ಕೈ ನಿಲ್ಲಿಸುವುದಿಲ್ಲ, ಮುಖ ಎತ್ತುವುದೂ ಇಲ್ಲ. ಆಗ ಗಂಡಹೆಂಡಿರಿಬ್ಬರೂ ಪರ್ಸಿಮನ್ ಹಣ್ಣಿನ ತೋಟಗಳಲ್ಲಿ ಕೂಲಿಗೆ ಕಳೆ ಔಷಧಿ ಹೊಡೆಯುತ್ತಿದ್ದರು. ಚಿಲ್‌ಬೋಕ್ ಮುಂದೆ ಕೊಳವೆ ಹಿಡಿದು ನಡೆದರೆ, ಗುಮ್‌ದಾನ್ ಹಿಂದೆ ಪಂಪಿನ ಬಳಿ ನಿಂತು ಕೊಳವೆ ಬಿಡಿಸಿಕೊಡುವುದು.

“ಔಷಧಿ ಅಂತಾರೆ. ಹುಲ್ಲಿಗೇನು ಕಾಯಿಲೆಯಾ, ಔಷಧಿ ಕೊಡೋಕೆ? ಆವತ್ತು ಅವರ ಬೆನ್ನ ಹಿಂದೇನೇ ಕೊಳವೆ ಕೀಲು ಊದಿಕೊಳ್ತಾ ಇತ್ತು. ನಾನು ನೋಡಿದೆ. ಗಾಬರಿಯಾಯ್ತು. ‘ಏನ್ರೀ!’ ಅಂತ ಕೂಗಿದೆ. ಅಷ್ಟೇ ಬಾಯಿಗೆ ಬಂದದ್ದು. ಅವರು ಏನೋ ಅಂತ ತಿರುಗಿ ನೋಡಿದ್ರು. ನೋಡಿದ್ರು, ಅದು ಒಡೀತು.”

ತಿರುಗದೇ ಇದ್ದಿದ್ದರೆ ಬೆನ್ನು ನೆನೆಯುತ್ತಿತ್ತು, ಬಟ್ಟೆ ಹಾಳಾಗುತ್ತಿತ್ತು. ಪೇಟೆಯ ಆಸ್ಪತ್ರೆ ತಲುಪುವಾಗ ಹೊತ್ತು ಮೀರಿತ್ತು. ಒಂದು ಕಣ್ಣು ಆ ತಿಂಗಳೇ ಹೋಯಿತು, ಇನ್ನೊಂದು ಮುಂದಿನ ಚಳಿಗಾಲಕ್ಕೆ. ಆಮೇಲೆ ಗುಮ್‌ದಾನ್ ಔಷಧಿ ಮುಟ್ಟಲಿಲ್ಲ. ಔಷಧಿ ಬಿದ್ದ ನೆಲದ ಮೇಲೆ ಕೂರಲಿಲ್ಲ. ಗಂಡನನ್ನು ‘ಏನ್ರೀ’ ಎಂದು ಕರೆಯಲೂ ಇಲ್ಲ. ಚಿಲ್‌ಬೋಕ್ ಅದರ ಬಗ್ಗೆ ಒಂದು ದಿನವೂ ಕೆದಕಿಲ್ಲ. ಕೆಲವು ವರ್ಷ ಗೋಡೆಗೆ ಒರಗಿ ಕೂತೇ ಇದ್ದರು. ಊಟಕ್ಕೆ ಕರೆದರೆ ಊಟ, ಮಲಗು ಅಂದರೆ ನಿದ್ದೆ. ಒಂದು ಬೇಸಿಗೆಯಲ್ಲಿ ಬೇಜಾರಿಗೆ ಹೆಂಡತಿಯ ಹಿಂದೆ ಬಂದರು, ಈ ಕಟ್ಟೆಯ ಮೇಲೆ ಕೂತು ಕೈಯಾಡಿಸುವಾಗ ಬೆರಳಿಗೆ ಸಂದು ಸಿಕ್ಕಿತು. ಮಾರನೆಯ ದಿನ ಹೆಂಡತಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರಂತೆ.

ಹೀಗಿರುವಾಗ ಈ ಜೂನ್‌ನಲ್ಲಿ ಸೊನ್ಮಿ ಪಂಪಿರುವ ಒಂದು ಕಳೆ ಔಷಧಿ ಡಬ್ಬಿ ತಂದಳು.

ಅವಳನ್ನು ದೂರುವುದು ಸುಲಭ, ನ್ಯಾಯವಲ್ಲ. ಮುಂಗಾರು ಹಿಡಿಯುವ ಮುಂಚೆ ನಗರದಿಂದ ಜಾಂಗ್ ಕೊಳ್ಳುವವರ ಗುಂಪು ಕಟ್ಟೆ ನೋಡಲು ಬರುವುದಿತ್ತು. ಗುಮ್‌ದಾನ್ ಈ ವರ್ಷ ಮೊಣಕಾಲು ಊದಿ ಎರಡು ವಾರ ಮಲಗಿದ್ದರಿಂದ ಗೇಟಿನ ಕಡೆಯ ಕೆಳಸಾಲು ಪೂರ್ತಿ ಹುಲ್ಲಾಗಿತ್ತು. ಸೊನ್ಮಿ ಚಹಾ ಬಸಿದು ಕೊಟ್ಟು, ಮೆಲ್ಲಗೆ ಮಾತು ತೆಗೆದಳು.

“ಅಜ್ಜಿ, ಕೆಳಸಾಲಿಗೆ ಮಾತ್ರ. ಅಲ್ಲಿರೋದೆಲ್ಲ ಖಾಲಿ ಭರಣಿ. ನಾನೇ ಹೊಡೀತೀನಿ, ನೀವು ಆ ಕಡೆ ಬರೋದೇ ಬೇಡ.”

“ಮನೆ ನಿಂದು, ಹೊಡಿ.” ಗುಮ್‌ದಾನ್ ಚಹಾದ ಬಟ್ಟಲು ಕೆಳಗಿಟ್ಟರು. “ಆದ್ರೆ ಇವತ್ತು ಕೆಳಸಾಲು, ನಾಳೆ ಮೇಲಿಂದು. ನಮ್ಮನೆಯವರ ಕೈ ಕಲ್ಲಿಗಿಂತ ಹೆಚ್ಚು ಹೊತ್ತು ಬಾಯಿ ಹತ್ರಾನೇ ಇರುತ್ತೆ, ಕೆಮ್ಮು ಬೇರೆ. ಔಷಧಿ ಬಿದ್ದ ಮೇಲೆ ಅವರನ್ನ ಇಲ್ಲಿ ಕೂರಿಸಲ್ಲ ನಾನು. ಮತ್ತೆ ಗೋಡೆಗೇ ಒರಗಿಸ್ಬೇಕು.”

ಸೊನ್ಮಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಗುಮ್‌ದಾನ್ ಮನೆಗೆ ಹೋಗಿ ಗಂಡನಿಗೆ ಇದನ್ನು ಹೇಳಲಿಲ್ಲ. ಹೇಗೆ ಹೇಳುವುದು? ಕಣ್ಣು ಕಿತ್ತುಕೊಂಡದ್ದೇ ಈಗ ಕೈಯ ಕೆಲಸವನ್ನೂ ಕಿತ್ತುಕೊಳ್ಳುತ್ತದೆ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ರಾತ್ರಿ ಮಗ್ಗುಲು ಬದಲಿಸುತ್ತಲೇ ಕಳೆದರು.

ಏನೂ ಗೊತ್ತಿಲ್ಲದ ಚಿಲ್‌ಬೋಕ್ ಮಾರನೆಯ ಬೆಳಿಗ್ಗೆ ಎಂದಿನಂತೆ ಎದ್ದು, ಕೋಲು ಊರಿಕೊಂಡು, ಹೆಂಡತಿಗಿಂತ ಮೊದಲೇ ಬಂದು ಹಿಂದಿನ ದಿನ ಬಿಟ್ಟಲ್ಲಿಂದ ಕೆಲಸ ಹಿಡಿದರು. ಬಿಟ್ಟದ್ದು ಕೆಳಸಾಲಿನ ಮೂಲೆಯಲ್ಲೇ. ದೊಡ್ಡ ಭರಣಿಯೊಂದರ ಮರೆಯಲ್ಲಿ ಕೂತಿದ್ದ ಅವರು ಗೇಟಿನಿಂದ ಬಂದವರಿಗೆ ಕಾಣುವಂತಿರಲಿಲ್ಲ. ಸೊನ್ಮಿ ಮುಖಕ್ಕೆ ಮಾಸ್ಕು ಹಾಕಿ, ಕೈಗವಸು ತೊಟ್ಟು, ಡಬ್ಬಿ ಹೆಗಲಿಗೇರಿಸಿ ಬಂದಳು. ಪಂಪು ಒತ್ತಿದಳು. ಕೊಳವೆಯ ಮೂತಿಯನ್ನು ಸಂದಿನ ಮೇಲೆ ಹಿಡಿದಳು. ಆಗ ಅವಳ ಬಾಯಿಂದ, ಇಪ್ಪತ್ತು ವರ್ಷ ಈ ಹಿತ್ತಿಲಲ್ಲಿ ಕೇಳಿ ಕೇಳಿ ನಾಲಿಗೆಗೆ ಅಂಟಿಹೋಗಿದ್ದ ಮಾತು ತಾನಾಗಿ ಬಂತು.

“ಕಣ್ಣು ಮುಚ್ಕೊಳ್ಳಿ...”

“ಹ್ಞೂಂ, ಮುಚ್ಕೊಂಡೆ,” ಎಂದಿತು ಭರಣಿಯ ಹಿಂದಿನ ದನಿ. “ಸುರಿಯಮ್ಮ.”

ಸೊನ್ಮಿ ಬಗ್ಗಿ ನೋಡಿದಳು. ಚಿಲ್‌ಬೋಕ್ ಸಂದಿನಿಂದ ಕೈ ಹಿಂದಕ್ಕೆ ತೆಗೆದು ಮಂಡಿಯ ಮೇಲಿಟ್ಟುಕೊಂಡು, ತಲೆಸ್ನಾನಕ್ಕೆ ಕೂತ ಮಗುವಿನ ಹಾಗೆ ಮುಖ ಕಿವುಚಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಕಾಯುತ್ತಿದ್ದರು. ಅಷ್ಟರಲ್ಲಿ ಮೇಲಿನ ಮೆಟ್ಟಿಲಿಗೆ ಬಂದಿದ್ದ ಗುಮ್‌ದಾನ್ ಕೂಡ ಅದನ್ನು ನೋಡಿದರು.

“ಏನಮ್ಮ, ಸುರಿದ್ಯಾ?”

“ಇಲ್ಲ ತಾತ.” ಸೊನ್ಮಿ ಕೊಳವೆಯ ಮೂತಿಯನ್ನು ಪಕ್ಕಕ್ಕೆ ತಿರುಗಿಸಿದಳು. “ನೀರು... ನೀರು ಇನ್ನೂ ಕಾದಿಲ್ಲ.”

“ಹಾಗಾದ್ರೆ ಕಣ್ಣು ತೆಗೀಲಾ?”

“ತೆಗೀರಿ ತಾತ.”

ಅವಳು ಡಬ್ಬಿಯನ್ನು ಗೇಟಿನ ಹೊರಗೆ ಇಟ್ಟುಬಂದು, ಕೈಗವಸು ಕಳಚಿ, ಒಲೆ ಹಚ್ಚಿದಳು. ಆ ಡಬ್ಬಿ ಕೊಂಡ ಅಂಗಡಿಗೆ ಅದೇ ದಿನ ವಾಪಸಾಯಿತು. ಮೂವರೂ ಕತ್ತಲಾಗುವವರೆಗೆ ಕೂತರೂ ಕೆಳಸಾಲು ಅರ್ಧವೂ ಆಗಲಿಲ್ಲ. ನಗರದವರು ಬಂದಾಗ ಹುಲ್ಲು ಇದ್ದೇ ಇತ್ತು. ಒಬ್ಬಾಕೆ ಅದನ್ನು ತೋರಿಸಿ ಮೂಗು ಮುರಿದಳಂತೆ, ಕೊಳ್ಳದೆಯೇ ಹೋದಳಂತೆ. ಸೊನ್ಮಿ ಅದನ್ನು ನಗುತ್ತ ಹೇಳುತ್ತಾಳೆ, ಆದರೆ ನಷ್ಟ ಅವಳಿಗೆ ನಾಟಿದೆ ಅನ್ನುವುದು ಗೊತ್ತಾಗುತ್ತದೆ. ಈಗ ಬೆಳಿಗ್ಗೆ ಎದ್ದವಳೇ ಮೊದಲು ಕೆಟಲು ತುಂಬಿಡುವುದು ಅವಳ ಕೆಲಸ.

ನಿಮಗೇನು ಬೇಕು ಎಂದು ಕೇಳಿದರೆ ಗುಮ್‌ದಾನ್ ಮೊದಲು ಮೊಣಕಾಲು ತೋರಿಸಿ ನಗುತ್ತಾರೆ. ಆಮೇಲೆ ಹೋಮಿಯ ತುದಿಯ ಮಣ್ಣನ್ನು ಹೆಬ್ಬೆರಳಿನಿಂದ ಒರೆಸುತ್ತ, ಗಂಡನಿಗೆ ಕೇಳದಷ್ಟು ಮೆಲ್ಲಗೆ ಹೇಳುತ್ತಾರೆ. “ಇಷ್ಟು ವರ್ಷ ಆ ಮಾತನ್ನ ಇರುವೆಗೆ ಹೇಳ್ಕೊಂಡು ಬಂದೆ. ಅವರೂ ಕೇಳಿಸ್ಕೊಳ್ತಾ ಇದ್ರು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಆವತ್ತು ತೋಟದಲ್ಲಿ ಇದನ್ನೇ ಹೇಳಿದ್ದಿದ್ರೆ ಮುಚ್ಕೊಳ್ತಿದ್ರು. ಅದನ್ನ ಕಣ್ಣಾರೆ ನೋಡಿದ ಮೇಲೆ ಒಂದು ವಾರ ಅನ್ನ ಸೇರ್ಲಿಲ್ಲ ನೋಡಿ. ಈಗ ಬೇಕಾಗಿರೋದು ಇಷ್ಟೇ, ಅವರ ಬೆರಳಿಗೆ ಸಂದು ಸಿಗ್ತಾ ಇರ್ಲಿ.”

ಮಳೆ ಇವತ್ತೋ ನಾಳೆಯೋ ಹಿಡಿಯುತ್ತದೆ. ಬೆಟ್ಟದ ತಲೆಯ ಮೇಲೆ ಮೋಡ ಕೂತಿದೆ. ಕೆಳಸಾಲಿನ ಕೊನೆಯ ಕಲ್ಲಿನ ಬಳಿ ಗುಮ್‌ದಾನ್ ಕೆಟಲು ಎತ್ತುತ್ತಾರೆ. ಕಲ್ಲು ತಟ್ಟಲು ಹೋಮಿ ಎತ್ತಿದ ಇನ್ನೊಂದು ಕೈ ಅರ್ಧಕ್ಕೇ ನಿಲ್ಲುತ್ತದೆ. ಹೋಮಿಯನ್ನು ಕೆಳಗಿಟ್ಟು ಹಿಂದಕ್ಕೆ ತಿರುಗುತ್ತಾರೆ.

“ಏನ್ರೀ,” ಎನ್ನುತ್ತಾರೆ. “ಕಣ್ಣು ಮುಚ್ಕೊಳ್ಳಿ.”

ಚಿಲ್‌ಬೋಕ್ ಜಡಿಯುತ್ತಿದ್ದ ಕೋಲನ್ನು ನಿಲ್ಲಿಸುತ್ತಾರೆ. ಆಮೇಲೆ ಮುಚ್ಚಿಕೊಳ್ಳುತ್ತಾರೆ. ಮುಚ್ಚಿದ್ದನ್ನು ಚೆನ್ನಾಗಿ ನೋಡಿಕೊಂಡ ಮೇಲೆ ಗುಮ್‌ದಾನ್ ನೀರು ಸುರಿಯುತ್ತಾರೆ.