ತೂಗುವ ಮೊದಲೇ ತೊಳೆದ ಮೀನು

ತಕ್ಕಡಿ ಹಿಡಿದಿದ್ದವರು ನನ್ನ ಅಪ್ಪ ಎಂಬುದನ್ನು ಬರೆಯದೆ ಬಿಡುವುದರಲ್ಲಿದ್ದೆ.

ಮೊನ್ನೆ ಕಾಣಿಯೂರಿನಲ್ಲಿ ಮೀನಿನವರು ತೂಗಿದ ಮೇಲೆಯೇ ಮೀನಿನ ಹೊಟ್ಟೆ ಸೀಳುವುದನ್ನು ಕಂಡಾಗ ನಮ್ಮೂರ ಕೆರೆ ನೆನಪಾಯಿತು. ಅಲ್ಲಿ ಯುವಕ ಮಂಡಲದ ಗಾಳ ಹಾಕುವ ಸ್ಪರ್ಧೆ ನಡೆಯುತ್ತಿತ್ತು. ಹೆಚ್ಚು ತೂಗಿದ ಮೀನಿಗೆ ಕುಕ್ಕರ್ ಬಹುಮಾನ. ಆ ವರ್ಷ ಎಲ್ಲರಿಗಿಂತ ದೊಡ್ಡ ಕಾಟ್ಲಾ ಸಿಕ್ಕಿದ್ದು ಅಪ್ಪನ ತಂಗಿ ದೇವಕಿ ಅತ್ತೆಗೆ. ಶುಚಿ ಮಾಡದ ಮೀನನ್ನು ಇನ್ನೊಬ್ಬರ ಕೈಗೆ ಕೊಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅತ್ತೆ ದಡದ ಕಲ್ಲಿನ ಮೇಲೆ ಅದರ ಹೊಟ್ಟೆ ಸೀಳಿ, ತೊಳೆದು, ಬಾಳೆಲೆಯಲ್ಲಿಟ್ಟು ತಂದರು. ಮಂಡಲದವರೆಲ್ಲ ನೋಡುತ್ತ ನಿಂತಿದ್ದರು. ಒಬ್ಬರೂ ತಡೆಯಲಿಲ್ಲ. ತೂಕ ಸ್ವಲ್ಪದರಲ್ಲಿ ಕಡಿಮೆಯಾಗಿ ಕುಕ್ಕರ್ ಇನ್ನೊಬ್ಬರ ಪಾಲಾಯಿತು.

"ಬೇಯಿಸಿ ಪದಾರ್ಥ ಮಾಡಿಯೇ ತರಬಹುದಿತ್ತಲ್ಲ ದೇವಕಿಯಕ್ಕ," ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು.

"ಅಣ್ಣ, ಸೀಳುವ ಮೊದಲು ಮೀನು ಎಷ್ಟಿತ್ತು ಅಂತ ನೀನೂ ನೋಡಿದ್ದಿ ಅಲ್ವಾ?"

"ನಾನು ಹೇಳಿದ್ರೆ ತಂಗಿಯ ಪರ ಅಂತ ಆಗ್ತದೆ ಮಾರಾಯ್ತಿ."

ಅದು ನ್ಯಾಯವೋ ಹೆದರಿಕೆಯೋ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಉತ್ತರ ಏನೇ ಇರಲಿ, ನನ್ನ ಸಿಟ್ಟು ಇಳಿದಿಲ್ಲ. ಏಕೆಂದರೆ ಅಪ್ಪ ಇದನ್ನು ತಮ್ಮ ಪ್ರಾಮಾಣಿಕತೆಯ ಕಥೆಯಾಗಿ ಮೊಮ್ಮಕ್ಕಳಿಗೆ ಹೇಳುತ್ತಾರೆ, ಅತ್ತೆಯ ಎದುರಿಗೇ.

ಬರೆದದ್ದನ್ನು ಬ್ಲಾಗಿಗೆ ಹಾಕುವ ಮೊದಲು ಅತ್ತೆಗೆ ಓದಿ ಹೇಳಿದೆ.

"ಹಾಕು. ಅಣ್ಣನ ಹುಟ್ಟುಹಬ್ಬ ಒಂದು ಕಳೀಲಿ."

ಹಾಗಾಗಿ ಇದನ್ನು ಹಾಕುತ್ತಿರುವುದು ಅಪ್ಪನ ಹುಟ್ಟುಹಬ್ಬದ ಮರುದಿನ, ಮೇ ೧೯.