ನೀರು ಹಿಂದೆ ಸರಿದಿದ್ದ ಮಧ್ಯಾಹ್ನ

ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮುಗಿಸಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನೂ ಅತ್ತೆಯನ್ನೂ ಗೋಕರ್ಣಕ್ಕೆ ಕರೆದುಕೊಂಡು ಹೋದರು. ಅರವತ್ತರ ದಶಕದ ಮೊದಲ ವರ್ಷಗಳವು. ಅತ್ತೆ ಅಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಚಿಂತಾಮಣಿಯ ನಮ್ಮ ಮನೆಯಲ್ಲೇ ಇದ್ದವರು. ಕೈವಾರ, ನಂದಿ ಬಿಟ್ಟರೆ ಬೇರೆ ಊರು ಕಂಡವರಲ್ಲ. ಒಂದು ಸಲ ಸಮುದ್ರ ನೋಡಬೇಕು ಅನ್ನೋದು ಅವರು ಬಾಯಿಬಿಟ್ಟು ಕೇಳಿದ ಒಂದೇ ಆಸೆ.

ಅಪ್ಪನಿಗೆ ಕೋಟೆಗಳ ಹುಚ್ಚು. ನಮ್ಮೂರ ಪಕ್ಕದ ಅಂಬಾಜಿದುರ್ಗದ ಬಂಡೆಗಳ ಮೇಲೆ ಬರಿಗಾಲಲ್ಲಿ ಓಡಾಡಿ ಬೆಳೆದವರು. ಹಾಗಾಗಿ ದಾರಿಯಲ್ಲಿ ಬಸ್ಸಿಳಿದು ಮಿರ್ಜಾನ್ ಕೋಟೆಗೂ ಹೋದೆವು. ಕೆಂಪು ಕಲ್ಲಿನ ಗೋಡೆಗಳನ್ನು ಬೇರುಗಳು ಹಿಡಿದುಕೊಂಡಿದ್ದವು. ನಮ್ಮನ್ನು ಬಿಟ್ಟು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಳಗಿದ್ದ ದೊಡ್ಡ ಬಾವಿಗೆ ಅಪ್ಪ ಬಗ್ಗಿ ಒಂದು ಕಲ್ಲು ಹಾಕಿದರು. ಸದ್ದು ಬರಲೇ ಇಲ್ಲ. ಅತ್ತೆ ನನ್ನ ಕೈ ಎಳೆದು, "ಬಾರಮ್ಮ, ಇಲ್ಲಿ ನಿಲ್ಲೋದು ಬೇಡ" ಅಂದರು. ಅಲ್ಲಿಂದಾಚೆಗೆ ಅವರ ಮುಖದಲ್ಲಿ ಗೆಲುವಿರಲಿಲ್ಲ.

ಮಾರನೇ ದಿನ ಗೋಕರ್ಣದಲ್ಲಿ ದೇವರ ದರ್ಶನ ಮುಗಿಸಿ, ಊಟ ಮಾಡಿ, ಗುಡ್ಡ ದಾಟಿ ಇನ್ನೊಂದು ದಂಡೆಗೆ ಇಳಿದೆವು. ಸಮುದ್ರ ದೂರಕ್ಕೆ ಸರಿದುಹೋಗಿತ್ತು. ಒದ್ದೆ ಮರಳಿನ ಆಚೆ ಒಂದು ಕಪ್ಪು ಬಂಡೆ. "ನಮ್ಮ ದುರ್ಗದ ಮರಿ ಇದ್ದಂಗಿದೆ" ಅಂತ ಅಪ್ಪ ಅತ್ತಲೇ ನಡೆದರು. ಚಿಪ್ಪು ಆರಿಸುತ್ತಿದ್ದ ಹೆಂಗಸರು ಬುಟ್ಟಿ ಹೊತ್ತು ದಂಡೆಯ ಕಡೆಗೆ ವಾಪಸಾಗುತ್ತಿದ್ದರು. ಒಬ್ಬಳು ನಮ್ಮನ್ನು ನೋಡಿ ಕೊಂಕಣಿಯಲ್ಲಿ ಏನೋ ಕೂಗಿದಳು. ನಮಗೆ ಅರ್ಥವಾಗಲಿಲ್ಲ. ಅಪ್ಪ ನಕ್ಕು ಕೈಬೀಸಿದರು.

ಬಂಡೆಯ ಬುಡಕ್ಕೆ ಬಂದಾಗ ಅತ್ತೆ ತಲೆಯೆತ್ತಿ ನಿಂತರು. ಅವರ ತಲೆಗಿಂತ ಮೇಲೆ ಕಲ್ಲಿಗೆ ಸಣ್ಣ ಚಿಪ್ಪುಗಳು ಮೆತ್ತಿಕೊಂಡಿದ್ದವು.

"ಇವು ಅಷ್ಟು ಮೇಲಕ್ಕೆ ಹೆಂಗೆ ಹೋದ್ವಪ್ಪಾ?"

"ಯಾವ ಕಾಲದವೋ ಏನೋ ಅಕ್ಕಯ್ಯ."

ಅತ್ತೆ ಕೈ ಚಾಚಿ ಮುಟ್ಟಿದರು. "ಹಸಿಯಾಗೈತೆ ಕಣೋ. ನಡಿ, ಹೋಗಣ."

"ಒಂದು ಸಲ ಮೇಲೆ ನಿಂತು ನೋಡಿ ಬರ್ತೀನಿ" ಅಂದು ಅಪ್ಪ ಹತ್ತಿಯೇಬಿಟ್ಟರು.

ನಾವಿಬ್ಬರೂ ಎದುರಿನ ಅಲೆಗಳನ್ನೇ ನೋಡುತ್ತಿದ್ದೆವು. ನೀರು ಬಂದದ್ದು ಹಿಂದಿನಿಂದ. ದಂಡೆಗೂ ಬಂಡೆಗೂ ನಡುವಿನ ತಗ್ಗಿನಲ್ಲಿ ಸದ್ದಿಲ್ಲದೆ ತುಂಬಿಕೊಂಡಿತ್ತು. ಅತ್ತೆ ತಿರುಗಿ ನೋಡಿ ಕಿರುಚಿದರು. ಅಪ್ಪ ಜಾರಿಕೊಂಡೇ ಇಳಿದರು. ಅತ್ತೆ ಸೆರಗಿನ ತುದಿಯನ್ನು ನನ್ನ ಮಣಿಕಟ್ಟಿಗೆ ಬಿಗಿದು, "ಕೈ ಬಿಡಬೇಡ" ಅಂದರು.

ಅಪ್ಪ ಮುಂದೆ, ನಾವು ಹಿಂದೆ. ಮೊಣಕಾಲಿನಷ್ಟಿದ್ದ ನೀರು ಸೊಂಟಕ್ಕೆ ಬಂತು. ಇದ್ದಕ್ಕಿದ್ದಂತೆ ಅಪ್ಪ ಕಾಣೆಯಾದರು. ಅವರು ಬಾವಿಗಳಲ್ಲಿ ಈಜಿ ಬೆಳೆದವರೇ. ಆದರೆ ಬಾವಿಯ ನೀರು ಕಾಲು ಹಿಡಿದು ಎಳೆಯುವುದಿಲ್ಲ. ಅತ್ತೆ ಎರಡೂ ಕೈ ನೀರಿಗೆ ಹಾಕಿ ತಡಕಿದರು. ಅಂಗಿ ಸಿಕ್ಕಿತು. ನಾನೂ ಸೇರಿ ಎಳೆದೆ. ಮೂವರೂ ಬಿದ್ದು ಎದ್ದು ಹೇಗೋ ಮರಳು ಮುಟ್ಟಿದೆವು.

ಅಪ್ಪ ಉಪ್ಪುನೀರು ಕಕ್ಕಿದರು. ಸಂಜೆಯಾಗುವಷ್ಟರಲ್ಲಿ ಬಂಡೆಯ ನೆತ್ತಿಯೊಂದೇ ಉಳಿಯಿತು, ಆಮೇಲೆ ಅದೂ ಕಾಣಲಿಲ್ಲ. ಮುರುಡೇಶ್ವರಕ್ಕೂ ಹೋಗುವುದಿತ್ತು. ಅಪ್ಪ, "ಮನೆಗೆ ಹೋಗಣ" ಅಂದರು.

ನೋಡಲು ಬಂದವರಿಗೆಲ್ಲ ಅಪ್ಪ ಕೋಟೆಯ ಗೋಡೆ, ದೇವಸ್ಥಾನ ವರ್ಣಿಸಿದರು. ಸಮುದ್ರ ಹೇಗಿತ್ತು ಅಂದರೆ, "ಚೆನ್ನಾಗಿತ್ತು" ಅಂತ ಎದ್ದುಹೋಗುತ್ತಿದ್ದರು. ಅತ್ತೆಯೂ ಬಾಯಿ ಬಿಡಲಿಲ್ಲ.

ಆ ವರ್ಷ ಒಳ್ಳೆ ಮಳೆಯಾಗಿ ಕೆರೆ ಕೋಡಿ ಹರಿಯಿತು. ಊರೆಲ್ಲ ನೋಡಲು ಹೊರಟಿತು. ನಾನೂ ಅತ್ತೆಯೂ ಹೊರಟಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತರು.

"ಬೇಡ."

"ನಮ್ಮ ಕೆರೆ ಕಣಪ್ಪ ಅದು" ಅಂದರು ಅತ್ತೆ.

ಅಪ್ಪ ಕದಲಲಿಲ್ಲ. ಅವರ ಒಂದು ಕೈ ಚಿಲಕವನ್ನು ಬಿಗಿಯಾಗಿ ಹಿಡಿದಿತ್ತು. ಅತ್ತೆ ಅದನ್ನು ನೋಡಿದರು, ಅಡುಗೆಮನೆಗೆ ಹೋಗಿ ಒಲೆ ಹಚ್ಚಿದರು.